ಎಲ್ಲಾ ಬಿಡು ಅಂದ ದನಿ

ನನಗೆ ಸಿಟ್ಟು ಬಂದರೆ ಯಾರೂ ನಂಬುವುದಿಲ್ಲ. ಯಾರದ್ದೋ ಸಿಟ್ಟನ್ನು ಮಾಡಿ ತೋರಿಸುತ್ತಿದ್ದಾನೆ ಅಂದುಕೊಂಡು ನಗುತ್ತಾರೆ. ತಪ್ಪು ಅವರದ್ದಲ್ಲ. ಹರಿಹರ ಬಸ್ಸಿನ ಕಂಡಕ್ಟರು ಚಿಲ್ಲರೆಗೆ ಗೊಣಗುವುದು, ಸರಸ್ವತಿ ನಗರದ ನಮ್ಮ ಬೀದಿಯ ಮಂಡಕ್ಕಿ ಅಂಗಡಿಯವನು ಎಣ್ಣೆಯಿಂದ ಮಿರ್ಚಿ ಎತ್ತುವಾಗ ಹುಬ್ಬು ಹಾರಿಸುವುದು, ನಮ್ಮವ್ವ ಫೋನಿನಲ್ಲಿ ಬೀಗರ ಹತ್ತಿರ ಮಾತಾಡುವಾಗ ತೆಗೆಯುವ ತೆಳು ದನಿ, ಪರೀಕ್ಷೆಯಲ್ಲಿ ಮಾಸ್ತರರ ಎದುರು ಉತ್ತರ ಹೊಳೆಯದೆ ನಾನೇ ಎಂಜಲು ನುಂಗಿದ ರೀತಿ, ಇವನ್ನೆಲ್ಲ ಮಾಡಿ ತೋರಿಸಿ ಹೆಸರು ಗಳಿಸಿದವನು ನಾನು. ಮೂಗು ಒಂದಿದ್ದರೂ ಅದರಿಂದ ಹತ್ತು ಜನರ ದನಿ ಹೊರಡಿಸುತ್ತೇನೆ.

ಆದರೂ ಇದನ್ನು ಬರೆಯುವಾಗ ನನಗೆ ಬಂದಿರುವುದು ಅಸಲಿ ಸಿಟ್ಟು. ಒಬ್ಬ ಹೆಂಗಸಿನ ಕೆಲಸ ಹೋಯಿತು. ಕೆಲಸಕ್ಕಿಂತ ಮೊದಲು ಅವಳ ಮಾತಿಗಿದ್ದ ಬೆಲೆ ಹೋಯಿತು. ಸುಳ್ಳಿ ಅನ್ನಿಸಿಕೊಂಡು ಹೊರಗೆ ಹೋದಳು. ಯಾರ ಮೇಲೆ ಸಿಟ್ಟು ಅಂತ ಕೇಳಿದರೆ ಹಂಚಿಕೊಡಲು ಬೇಕಾದಷ್ಟು ಜನ ಇದ್ದಾರೆ. ದೊಡ್ಡ ಪಾಲು ಯಾರಿಗೆ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು.

ನಾನು ದಾವಣಗೆರೆಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದು ನಮ್ಮ ಕೆಲಸ. ಎಣ್ಣೆಗೆ ಮೆಥನಾಲ್ ಬೆರೆಸಿ, ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡುವುದು ಹಳೆಯ ದಾರಿ. ಆದರೆ ಹಳೆಯ ಬೀಜದಿಂದ ತೆಗೆದ ಹೊಂಗೆ ಎಣ್ಣೆಯಲ್ಲಿ ಹುಳಿಯ ಅಂಶ ಜಾಸ್ತಿ. ಕಾಸ್ಟಿಕ್ ಕಂಡ ಕೂಡಲೆ ಅರ್ಧ ಎಣ್ಣೆ ಡೀಸೆಲ್ ಆಗುವುದನ್ನು ಬಿಟ್ಟು ಸಾಬೂನಾಗಿ ಕೂರುತ್ತದೆ. ಅದಕ್ಕೇ ನಾವು ಕಾಸ್ಟಿಕ್ ಬದಲು ಕಿಣ್ವ ಬಳಸುತ್ತೇವೆ. ಹೊಟ್ಟೆಯಲ್ಲಿ ಕೊಬ್ಬನ್ನು ಅರಗಿಸುವ ಜಾತಿಯ ಕಿಣ್ವ. ಅದು ಹುಳಿಗೂ ಹೆದರುವುದಿಲ್ಲ, ಕುದಿಯುವ ಬಿಸಿಯನ್ನೂ ಕೇಳುವುದಿಲ್ಲ. ಉಗುರುಬೆಚ್ಚಗಿದ್ದರೆ ಸಾಕು. ಸುಮ್ಮನೆ ಎಣ್ಣೆಗೆ ಸುರಿದರೆ ಮಾತ್ರ ಒಂದೇ ಸಲಕ್ಕೆ ಕೈಬಿಟ್ಟು ಹೋಗುತ್ತದೆ, ವಾಪಸ್ ಸಿಗುವುದಿಲ್ಲ. ಹಾಗಾಗಿ ಅದನ್ನು ಜೆಲ್ಲಿನ ಸಣ್ಣ ಮಣಿಗಳೊಳಗೆ ಕೂಡಿಹಾಕುತ್ತೇವೆ. ನೋಡಲು ಥೇಟ್ ನೆನೆಹಾಕಿದ ಸಬ್ಬಕ್ಕಿ. ಗಾಜಿನ ಕೊಳವೆಯ ತುಂಬ ಆ ಮಣಿಗಳು. ಎಣ್ಣೆ ಅವುಗಳ ನಡುವೆ ಹಾದು ಹೋಗುತ್ತದೆ, ಮಣಿಗಳು ಅಲ್ಲೇ ಉಳಿಯುತ್ತವೆ. ತೊಳೆದು ಮತ್ತೆ ಮತ್ತೆ ಬಳಸಬಹುದು.

ಒಂದೇ ಒಂದು ತಕರಾರು. ಮೆಥನಾಲನ್ನು ಒಮ್ಮೆಲೇ ಸುರಿದರೆ ಕಿಣ್ವ ಸತ್ತುಹೋಗುತ್ತದೆ. ಮೂರು ಪಾಲು ಮಾಡಿ, ಪಾಲಿನಿಂದ ಪಾಲಿಗೆ ಗಂಟೆಗಟ್ಟಲೆ ಕಾಯಬೇಕು. ಕೊಳವೆಯ ಮೇಲೆ ನಲ್ಲಿ ಇರುವ ಒಂದು ಸೀಸೆ, ಅದರಲ್ಲಿ ಮೆಥನಾಲ್. ನಲ್ಲಿ ತಿರುಗಿಸುವ ಕೆಲಸ ನಾವೆಲ್ಲ ಅಕ್ಕ ಅಂತ ಕರೆಯುವ ಹೆಂಗಸಿನದು.

ಅಕ್ಕ ಭಾನುವಳ್ಳಿಯವಳು. ದಿನಾ ಬೆಳಗ್ಗೆ ಅಲ್ಲಿಂದ ಹರಿಹರಕ್ಕೆ ಒಂದು ಬಸ್ಸು, ಹರಿಹರದಿಂದ ದಾವಣಗೆರೆಗೆ ಇನ್ನೊಂದು. ಗುತ್ತಿಗೆದಾರನ ಮೂಲಕ ಕಸ ಗುಡಿಸಲು, ಪಾತ್ರೆ ತೊಳೆಯಲು ಬಂದವಳು. ಮೊದಲು ಹೊಂಗೆ ಬೀಜ ಒಡೆದು ಕೊಟ್ಟಳು, ಆಮೇಲೆ ಮಣಿ ತೊಳೆದಳು. ನಾನು ತೊಳೆದರೆ ಹತ್ತರಲ್ಲಿ ಎರಡು ಮಣಿ ಒಡೆಯುತ್ತಿದ್ದವು. ಅವಳು ಅಕ್ಕಿ ತೊಳೆದ ಹಾಗೆ ಅಂಗೈಯಲ್ಲಿ ಆಡಿಸಿ ತೊಳೆದರೆ ಒಂದೂ ಒಡೆಯುತ್ತಿರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಇಡೀ ಕೊಳವೆ ಅವಳ ಕೈಗೆ ಬಂದಿತ್ತು. ಗೋಡೆಯ ಮೇಲಿದ್ದ ನಿಯಮಗಳ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ನನ್ನಿಂದ ಕನ್ನಡದಲ್ಲಿ ಓದಿಸಿಕೊಂಡು ಬಾಯಿಪಾಠ ಮಾಡಿದ್ದಳು. ಕಾಲೇಜಿನ ಹುಡುಗರು ನೋಡಲು ಬಂದಾಗ ಮೂರು ಪಾಲು ಯಾಕೆ ಅಂತ ನಾನು ಬೋರ್ಡಿನ ಮೇಲೆ ಸೂತ್ರ ಬರೆಯುತ್ತಿದ್ದರೆ ಅವಳು ಹಿಂದಿನಿಂದ ಹೇಳುತ್ತಿದ್ದಳು, ಇದು ಪಂಕ್ತಿಯಾಗೆ ಕುಂತ ವಯಸ್ಸಾದೋರು ಇದ್ದಂಗೆ, ಸ್ವಲ್ಪ ಸ್ವಲ್ಪ ಬಡಿಸಬೇಕು, ಒಂದೇ ಸಲಕ್ಕೆ ಎಲೆ ತುಂಬಿಸಿದ್ರೆ ಎದ್ದು ಹೋಗ್ತಾರೆ ಅಂತ. ಹುಡುಗರು ನನ್ನ ಸೂತ್ರ ಬಿಟ್ಟು ಅದನ್ನೇ ಬರೆದುಕೊಳ್ಳುತ್ತಿದ್ದರು.

ಪಾಲು ಹಾಕಿದಾಗಲೆಲ್ಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುವುದು ಅವಳ ಪದ್ಧತಿ. ಸಂಜೆಗೆ ಮೂರು ಗೆರೆ.

ಇನ್ನು ನಮ್ಮ ಸರ್. ಪ್ರಾಜೆಕ್ಟಿನ ಯಜಮಾನರು. ಅವರ ಬಾಯಲ್ಲಿ ಒಂದು ಪದ ಸದಾ ಇರುತ್ತದೆ: ಬಿಡು. ಫ್ಯಾನ್ ಕೆಟ್ಟಿದೆ ಅಂದರೆ ಬಿಡಪ್ಪ. ರಜೆ ಬೇಕಿತ್ತು ಅಂದರೆ ಬಿಡಮ್ಮ. ಮೊದಲು ಎರಡು ಸಲ ಗಂಟಲು ಕೆರೆಯುತ್ತಾರೆ, ಆಮೇಲೆ ಮೂಗಿನಿಂದ ಒಂದು ಹ್ಞೂಂ, ಆಮೇಲೆ ‘ಬಿಡು, ಎಲ್ಲಾ ಬಿಡು’. ಅಲ್ಲಿಗೆ ನಮ್ಮ ದೂರು ಮುಗಿಯಿತು. ಅವರ ದನಿ ತೆಗೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಕಣ್ಣು ಮುಚ್ಚಿ ಕೇಳಿದರೆ ಅವರ ಮನೆಯವರಿಗೂ ಗೊತ್ತಾಗದು ಅಂತ ನಾನು ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಅಕ್ಕನ ಮುಂದೆ ಮಾತ್ರ ಒಮ್ಮೆಯೂ ಮಾಡಿರಲಿಲ್ಲ. ಅವಳಿಗೆ ಸರ್ ಮೇಲೆ ಗೌರವ, ಬೈದಾಳೆಂಬ ಹೆದರಿಕೆ ನನಗೆ.

ಆ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ನಾನು ಒಳಗಿನ ಕೋಣೆಯಲ್ಲಿ ಸ್ಟೀಲ್ ಬೀರುವಿನ ಹಿಂದೆ ಹೊಸ ಸೀಸೆಗಳನ್ನು ಜೋಡಿಸುತ್ತಿದ್ದೆ. ಅಕ್ಕ ಹೊರಗೆ ಕೊಳವೆಯ ಹತ್ತಿರ ನಿಂತು ಬಸ್ಸಿನ ಬಗ್ಗೆ ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದಳು. ಹರಿಹರದಲ್ಲಿ ಸೀಟು ಸಿಗಲಿಲ್ಲವಂತೆ, ಯಾರೋ ಟವೆಲು ಹಾಕಿ ಜಾಗ ಹಿಡಿದಿದ್ದರಂತೆ, ಅಲ್ಲಿಂದ ಇಲ್ಲಿಯವರೆಗೂ ನಿಂತೇ ಬಂದಳಂತೆ. ನನಗೆ ನಾಲಿಗೆ ತುರಿಸಿತು. ಇಂಥ ದೂರಿಗೆ ಸರ್ ಏನು ಹೇಳುತ್ತಿದ್ದರೋ ಅದನ್ನೇ ಅವರ ದನಿಯಲ್ಲಿ ಹೇಳಿಬಿಡೋಣ ಅನ್ನಿಸಿತು. ಎರಡು ಸಲ ಗಂಟಲು ಕೆರೆದೆ. ಹ್ಞೂಂ ಅಂದೆ. “ಬಿಡಮ್ಮ, ಎಲ್ಲಾ ಬಿಡು” ಅಂದೆ.

ಹೊರಗೆ ಮಾತು ಆಗಲೇ ನಿಂತಿತ್ತು. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆ. ಆಮೇಲೆ ಹಿಂಬಾಗಿಲಿನಿಂದ ಮಿರ್ಚಿ ತಿನ್ನಲು ಹೋದೆ. ಅಂದು ಸಂಜೆಯವರೆಗೆ ಕೊಳವೆಯ ಉಸ್ತುವಾರಿ ನನ್ನದಿತ್ತು. ಮಿರ್ಚಿ ತಿಂದವನು ಗೆಳೆಯರ ಕೈಗೆ ಸಿಕ್ಕು, ಆ ದಿನ ತಿರುಗಿ ಹೋಗಲೇ ಇಲ್ಲ.

ನನಗೆ ಕಾಣದೆ ಇದ್ದದ್ದು ಇಷ್ಟು. ನಾನು ಗಂಟಲು ಕೆರೆಯುವ ಹೊತ್ತಿಗೆ ಅಕ್ಕ ಬಸ್ಸಿನ ಮಾತು ಮುಗಿಸಿ ಎರಡನೇ ಪಾಲಿಗೆ ನಲ್ಲಿಯ ಮೇಲೆ ಕೈ ಇಟ್ಟಿದ್ದಳು. ಭಾನುವಳ್ಳಿ ನಾಲೆಯ ಊರು. ಅಲ್ಲಿ ಬಿಡು ಅಂದರೆ ನೀರು ಬಿಡು. ಎಲ್ಲಾ ಬಿಡು ಅಂದರೆ ತೂಬು ಪೂರ್ತಿ ಎತ್ತು. ಸರ್ ದನಿಯಲ್ಲಿ ನಾನು ಅಂದದ್ದು ಮರೆತುಬಿಡು ಅಂತ. ಅವಳು ಕೇಳಿದ್ದು ಸುರಿ ಅಂತ. ಯಾಕೆ ಒಮ್ಮೆಲೇ ಅಂತ ಅವಳಿಗೂ ಅನುಮಾನ ಬಂದಿತ್ತಂತೆ. ಆದರೆ ಸರ್ ದನಿ, ಅದೂ ಒಳಗಿನ ಕೋಣೆಯಿಂದ. ಹೊಸ ಪ್ರಯೋಗವಿರಬೇಕು ಅಂದುಕೊಂಡು ನಲ್ಲಿ ಪೂರ್ತಿ ತಿರುಗಿಸಿದಳು. ಕೊನೆಯ ಹನಿಯವರೆಗೂ ಸೀಸೆ ಹಿಡಿದು ನಿಂತಳು. ಹಲಗೆಯ ಮೇಲೆ ಉಳಿದೆರಡು ಗೆರೆಯನ್ನೂ ಒಟ್ಟಿಗೇ ಎಳೆದಳು.

ಮರುದಿನ ನಾನು ಬಂದಾಗ ಸರ್ ಆಗಲೇ ಕೊಳವೆಯ ಮುಂದೆ ನಿಂತಿದ್ದರು. ಸಬ್ಬಕ್ಕಿಯಂಥ ಮಣಿಗಳು ಕುಗ್ಗಿ, ಬಿಳಿಚಿಕೊಂಡು, ಮಾತ್ರೆಗಳ ಹಾಗೆ ಗಟ್ಟಿಯಾಗಿದ್ದವು. ಎಣ್ಣೆ ಎಣ್ಣೆಯಾಗಿಯೇ ಉಳಿದಿತ್ತು, ಡೀಸೆಲ್ ಆಗಿದ್ದರೆ ಕೆಳಗೆ ಇಳಿಯಬೇಕಿದ್ದ ಗ್ಲಿಸರಿನ್ ಇಳಿದಿರಲಿಲ್ಲ. ಮುಂದಿನ ತಿಂಗಳು ಪ್ರಾಜೆಕ್ಟ್ ಪರಿಶೀಲಿಸುವ ಕಮಿಟಿಯವರು ನೋಡಲು ಬರುವವರಿದ್ದರು. ಸರ್ ಅಕ್ಕನನ್ನು ಕರೆದು ನಿಲ್ಲಿಸಿದರು. ಓದು ಬರಹ ಇಲ್ಲದವರ ಕೈಗೆ ಕೊಟ್ಟರೆ ಆಗುವುದೇ ಇಷ್ಟು ಅಂತ ಶುರುಮಾಡಿದರು. ಅಕ್ಕ ಏಳನೇ ಇಯತ್ತೆ ಪಾಸು. ಮಧ್ಯಾಹ್ನ ಊಟದ ಹೊತ್ತಿಗೆ ಪೇಪರನ್ನು ನಮಗೆಲ್ಲ ಓದಿ ಹೇಳುತ್ತಿದ್ದವಳು ಅವಳೇ.

“ನೀವೇ ಎಲ್ಲಾ ಬಿಡು ಅಂದ್ರಿ ಸರ್. ಬಿಟ್ಟೆ,” ಅಂದಳು.

“ನಾನು ನಿನ್ನೆ ಇಡೀ ದಿನ ಹರಿಹರದಲ್ಲಿದ್ದೆ ಕಣಮ್ಮ. ಮದುವೆಗೆ ಹೋಗಿದ್ದೆ. ಮಾಡೋದೂ ಮಾಡಿ ಸುಳ್ಳು ಬೇರೆ ಹೇಳ್ತೀಯಾ?”

ಅಕ್ಕನ ಮುಖ ನೋಡಬೇಕಿತ್ತು. ಸಿಕ್ಕಿಬಿದ್ದವರ ಮುಖ ಹಾಗಿರುವುದಿಲ್ಲ. ತನ್ನ ಕಿವಿಯನ್ನೇ ಯಾರೋ ಕದ್ದುಕೊಂಡು ಹೋದಂತೆ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

“ತಮ್ಮಾ, ನೀನು ಒಳಗಿದ್ಯಲ್ಲ. ನಿನಗೂ ಕೇಳಿರ್ಬೇಕು, ಹೇಳು.”

ನನಗೆ ಆ ಕ್ಷಣದಲ್ಲಿ ಎಲ್ಲವೂ ಅರ್ಥವಾಗಿತ್ತು. ಹತ್ತು ದನಿ ಹೊರಡಿಸುವ ಮೂಗು ಕಟ್ಟಿಕೊಂಡಿತು. ಸತ್ತ ಮಣಿಗಳನ್ನು ನೋಡುತ್ತ, ನನಗೇನೂ ಕೇಳಿಸಲಿಲ್ಲ ಅಕ್ಕ ಅಂದೆ.

ಮಧ್ಯಾಹ್ನಕ್ಕೆ ಗುತ್ತಿಗೆದಾರ ಬಂದ. ಸುಳ್ಳು ಹೇಳುವವರನ್ನು ಇಟ್ಟುಕೊಳ್ಳಲಾಗದು ಅಂತ ಸರ್ ಹೇಳಿದರು, ಅವನು ತಲೆ ಆಡಿಸಿದ. ಅಕ್ಕ ತನ್ನ ಬುತ್ತಿಯ ಡಬ್ಬಿ ತೆಗೆದುಕೊಂಡಳು, ಹಲಗೆಯ ಮೇಲಿನ ಗೆರೆಗಳನ್ನು ಒರೆಸಲಿಲ್ಲ, ಹೋದಳು.

ನಾಲ್ಕು ದಿನ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಮೈ ಹುಷಾರಿಲ್ಲವೇನೋ ಅಂತ ಅವ್ವ ಹಣೆ ಮುಟ್ಟಿ ನೋಡಿದಳು. ಐದನೇ ದಿನ ಸರ್ ಕೋಣೆಗೆ ಹೋಗಿ, ಆವತ್ತು ಎಲ್ಲಾ ಬಿಡು ಅಂದವನು ನಾನು ಅಂತ ಹೇಳಿದೆ. ಕೆಲಸ ಹೋಗುತ್ತದೆ, ಹೋಗಲಿ ಅಂದುಕೊಂಡೇ ಹೋಗಿದ್ದೆ. ಮನೆಯಲ್ಲಿ ಏನು ಹೇಳಬೇಕೆಂದು ದಾರಿಯಲ್ಲೇ ತಯಾರಿ ಮಾಡಿಕೊಂಡಿದ್ದೆ.

ಸರ್ ನಕ್ಕರು.

ನಾನು ಹಂಗೆ ಮಾತಾಡ್ತೀನೇನೋ ಅಂತ ಕೇಳಿದರು. ಒಂದು ಸಲ ಮಾಡಿ ತೋರಿಸು ಅಂದರು. ಪಕ್ಕದ ಕೋಣೆಯ ಇಬ್ಬರು ಮೇಷ್ಟ್ರುಗಳನ್ನೂ ಕರೆದರು. ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಗಂಟಲು ಕೆರೆದು, ಹ್ಞೂಂ ಅಂದು, ಪೂರ್ತಿ ಮಾಡಿದೆ. ಚಪ್ಪಾಳೆ ಬಿತ್ತು. ನನಗೊಂದು ಚಹಾ ಬಂತು. ಆ ಲೋಟ ಕೈಯಲ್ಲಿ ಹಿಡಿದಾಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮಾತು ಕೇಳಿ ಮಾಡಿದವಳಿಗೆ ಗೇಟು, ಮಾತು ಆಡಿ ಕೆಡಿಸಿದವನಿಗೆ ಚಹಾ. ಅವಳು ಮಾಡಿದರೆ ಅದು ಅವಳ ಬುದ್ಧಿಮಟ್ಟ, ನಾನು ಮಾಡಿದರೆ ಹುಡುಗಾಟ. ಎಂ.ಎಸ್ಸಿ. ಎಂಬ ಎರಡೂವರೆ ಅಕ್ಷರಕ್ಕೆ ಇಷ್ಟು ಕ್ಷಮೆ ಸಿಗುತ್ತದೆಂದು ಗೊತ್ತಿದ್ದರೆ ಇನ್ನೂ ಚೆನ್ನಾಗಿ ಓದುತ್ತಿದ್ದೆ.

ಹಾಗಾದರೆ ಅಕ್ಕನನ್ನು ಕರೆಸೋಣ ಸರ್ ಅಂದೆ. ಅವರು ಗಂಟಲು ಕೆರೆದರು. ಮುಂದಿನ ಪದ ಯಾವುದೆಂದು ನನಗೆ ಗೊತ್ತಿತ್ತು.

ನೇರ ಪ್ರಯೋಗಾಲಯಕ್ಕೆ ಬಂದು ದಿನಚರಿ ಪುಸ್ತಕ ತೆಗೆದೆ. ಅದರ ಪುಟಗಳಿಗೆ ಅಚ್ಚಿನ ನಂಬರು ಇರುತ್ತದೆ. ಒಂದು ಹರಿದರೂ ಗೊತ್ತಾಗುತ್ತದೆ. ಆ ದಿನದ ಪುಟದಲ್ಲಿ ಸರ್ ಇಂಗ್ಲಿಷಿನಲ್ಲಿ ಕೆಲಸದಾಕೆಯ ನಿರ್ಲಕ್ಷ್ಯ ಅಂತ ಬರೆಸಿದ್ದರು. ಅದರ ಕೆಳಗೆ ನಾನು ನಡೆದದ್ದನ್ನು ಇಂಗ್ಲಿಷಿನಲ್ಲೇ ಬರೆಯಲು ಹೊರಟೆ. ಮೂರನೇ ಸಾಲಿಗೆ ಪೆನ್ನು ನಿಂತಿತು. ಬಿಡು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಹಾಕಿದರೂ ಒಂದೇ ಅರ್ಥ ಬರುತ್ತಿತ್ತು. ಸುರಿ ಅಂತ ಬರೆದರೆ ನಾನು ಬೇಕೆಂದೇ ಸುರಿಸಿದ ಹಾಗಾಯಿತು, ಮರೆತುಬಿಡು ಅಂತ ಬರೆದರೆ ಅವಳು ಹುಚ್ಚಿಯ ಹಾಗೆ ಕಂಡಳು. ಎಲ್ಲ ಹೊಡೆದುಹಾಕಿ ಕನ್ನಡದಲ್ಲಿ ಬರೆದೆ. ಸರ್ ದನಿಯಲ್ಲಿ ನಾನು ‘ಎಲ್ಲಾ ಬಿಡು’ ಎಂದು ತಮಾಷೆಗೆ ಹೇಳಿದೆ, ಅದನ್ನು ಆಜ್ಞೆ ಎಂದು ತಿಳಿದು ಆಕೆ ಮೆಥನಾಲ್ ಪೂರ್ತಿ ಬಿಟ್ಟಳು, ಆಕೆಯ ತಪ್ಪಿಲ್ಲ. ಕೆಳಗೆ ಸಹಿ ಹಾಕಿದೆ. ಬಹಳ ದೊಡ್ಡ ಮನುಷ್ಯನಾದ ಹಾಗೆ ಅನ್ನಿಸಿತು.

ಸರ್ ಅದನ್ನು ನೋಡಿದಾಗ ನಗಲಿಲ್ಲ. ಕಮಿಟಿಯಲ್ಲಿ ಕನ್ನಡ ಓದುವವರೂ ಇದ್ದರು. ಪ್ರಯೋಗಾಲಯದಲ್ಲಿ ಯಜಮಾನರಿಲ್ಲದ ದಿನ ಅವರ ದನಿ ಇತ್ತು ಅಂತ ಓದಿದರೆ ಅವರು ಏನೆಂದುಕೊಂಡಾರು. ಬೈದರು, ಆಮೇಲೆ ತಣ್ಣಗಾದರು, ಆಮೇಲೆ ಒಂದು ಮಾತು ಇಟ್ಟರು. ಆ ಪುಟ ಹೋಗಲಿ, ಇಡೀ ಪುಸ್ತಕವನ್ನೇ ಹೊಸದಾಗಿ ನಕಲು ಮಾಡೋಣ. ಹಾಗೆ ಮಾಡಿದರೆ ಆಕೆಯನ್ನು ನಾಳೆಯೇ ಕರೆಸುತ್ತೇನೆ.

ಹ್ಞೂಂ ಅನ್ನಲೋ ಬೇಡವೋ ತಿಳಿಯದೆ ನಾನು ಭಾನುವಳ್ಳಿಗೆ ಹೊರಟೆ. ಹರಿಹರದವರೆಗೆ ನಿಂತೇ ಹೋದೆ. ಅಕ್ಕ ಗದ್ದೆಯಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗಿ ಆಗಷ್ಟೇ ಮನೆಗೆ ಬಂದಿದ್ದಳು. ನನ್ನನ್ನು ನೋಡಿ ಸಂತೋಷಪಟ್ಟಳು, ಅದು ಇನ್ನೂ ಕಷ್ಟವಾಯಿತು. ಕೂಡು ತಮ್ಮಾ ಅಂದಳು, ನೀರು ಕೊಟ್ಟಳು. ಆ ದನಿ ನನ್ನದು ಅಂತ ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಹೇಳಿದೆ. ಬೈಯುತ್ತಾಳೆ, ಹೊಡೆದರೂ ಹೊಡೆಯಬಹುದು ಅಂತ ಕಾದೆ.

“ಹಂಗಾರೆ ಸರ್ ಸುಳ್ಳು ಹೇಳಿಲ್ಲ,” ಅಂದಳು.

ಇದನ್ನು ನಾನು ಎಣಿಸಿರಲಿಲ್ಲ.

“ನಾನು ಊರೆಲ್ಲಾ ಹೇಳೀನಿ. ಬಸ್ಸಿನಾಗೆ ಹೇಳೀನಿ, ಗದ್ದ್ಯಾಗೆ ಹೇಳೀನಿ. ದೊಡ್ಡೋರು ತಾವೇ ಹೇಳಿ ಆಮ್ಯಾಲೆ ಇಲ್ಲ ಅಂತಾರೆ ಅಂತ ಅವರ ಹೆಸರಿಗೆ ಮಸಿ ಬಳದೀನಿ. ಅವರು ನನ್ನ ಸುಳ್ಳಿ ಅಂದಾಗ ನಾನು ಸುಳ್ಳಿ ಆಗಿರ್ಲಿಲ್ಲ. ಈಗ ಆದೆ. ಮಾಡಿದ್ದು ನೀನು.”

ನನಗೆ ಸರ್ ಮೇಲಿದ್ದ ಸಿಟ್ಟಿನಲ್ಲಿ ಅವಳೂ ಪಾಲು ತಗೊಳ್ಳುತ್ತಾಳೆ, ಇಬ್ಬರೂ ಸೇರಿ ಅವರನ್ನು ಬೈಯೋಣ ಅಂತ ಒಳಗೊಳಗೆ ಆಸೆ ಇಟ್ಟುಕೊಂಡು ಬಂದಿದ್ದೆ. ಅವಳು ಅದಕ್ಕೆ ಜಾಗವನ್ನೇ ಕೊಡಲಿಲ್ಲ. ಗಡಿಬಿಡಿಯಲ್ಲಿ ಸರ್ ಇಟ್ಟ ಮಾತನ್ನು ಹೇಳಿದೆ. ಪುಟ ಹೋದರೆ ಕೆಲಸ ಇದೆ, ಪುಟ ಉಳಿದರೆ ಕೆಲಸ ಇಲ್ಲ, ನೀನು ಹೇಳಿದಂತೆ ಮಾಡುತ್ತೇನೆ ಅಂದೆ. ಏನೈತೆ ಅದರಾಗೆ, ಓದು ಅಂದಳು. ಫೋನಿನಲ್ಲಿ ಫೋಟೊ ಇತ್ತು. ಓದಿದೆ. ಯಾರ ದನಿಯೂ ಇಲ್ಲದೆ, ಶಾಲೆಯ ಹುಡುಗ ಪಾಠ ಒಪ್ಪಿಸಿದಂತೆ ಓದಿದೆ.

ಅವಳು ಫೋನನ್ನು ಕೈಗೆ ತಗೊಂಡು ತಾನೂ ಒಮ್ಮೆ ಓದಿದಳು. ಸಹಿಯವರೆಗೂ ಬಂದು ಮತ್ತೆ ಮೇಲಕ್ಕೆ ಹೋದಳು.

“ನಾನು ನಿನ್ನ ಕೇಳಿದ್ನಲ್ಲ, ಸರ್ ಎದುರಿಗೆ. ಕೇಳಿಸಲಿಲ್ಲ ಅಂದ್ಯಲ್ಲ. ಅದು ಎಲ್ಲೈತೆ ಇದರಾಗೆ?”

ಇರಲಿಲ್ಲ. ಬರೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ತಮಾಷೆಗೆ ಆಡಿದ ಮಾತನ್ನು ಸಹಿ ಹಾಕಿ ಬರೆದಿದ್ದೆ, ಹೆದರಿ ಆಡಿದ ಸುಳ್ಳನ್ನು ಬಿಟ್ಟಿದ್ದೆ. ಮೊದಲನೆಯದು ಬಾಯಿ ಜಾರಿದ್ದು. ಎರಡನೆಯದನ್ನು ಅವಳ ಮುಖ ನೋಡಬಾರದೆಂದು ಮಣಿಗಳನ್ನು ನೋಡುತ್ತ, ಯೋಚಿಸಿಯೇ ಹೇಳಿದ್ದೆ. ಅವಳ ಕೆಲಸ ತೆಗೆದದ್ದು ಎರಡನೆಯದು.

“ನಲ್ಲಿ ತಿರುವಿದ್ದು ನಾನೇ. ಅದಕ್ಕೆ ನಾನು ಅಳಲ್ಲ,” ಅಂದಳು. ಫೋನು ವಾಪಸ್ ಕೊಟ್ಟಳು. “ಅದನ್ನೂ ಬರೀರಿ. ಹಾಳಿ ಇರ್ಲಿ. ಸರ್ ಮದುವಿಗೆ ಹೋಗಿದ್ರು ಅಂತ ಊರಾಗೆ ನಾನು ಹೇಳ್ತೀನಿ.”

ಬರಿ ಅನ್ನಲಿಲ್ಲ, ಬರೀರಿ ಅಂದಳು. ನಾನು ಎದ್ದೆ.

ಮರುದಿನ ಪುಸ್ತಕದ ಮುಂದೆ ಕೂತು ಆ ಒಂದು ಸಾಲು ಬರೆಯಲು ನನಗೆ ಮಧ್ಯಾಹ್ನದವರೆಗೂ ಹಿಡಿಯಿತು. ಆಕೆ ನನ್ನನ್ನು ಸಾಕ್ಷಿ ಕೇಳಿದಾಗ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿದೆ. ಅಷ್ಟೇ. ಸರ್ ಓದಿದರು, ನನ್ನ ಮುಖ ನೋಡಿದರು, ಪುಸ್ತಕವನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಮಿಟಿ ಬಂತು, ಹೊಸ ಮಣಿಗಳನ್ನು ನೋಡಿತು, ಪುಸ್ತಕ ಕೇಳಲೇ ಇಲ್ಲ, ಹೋಯಿತು. ಬೀಗ ಬೀಳುವ ಮೊದಲೇ ತೆಗೆದಿಟ್ಟುಕೊಂಡಿದ್ದ ಆ ಪುಟದ ಹೊಸ ಫೋಟೊವನ್ನು ನಾನು ಕಾಗದಕ್ಕೆ ಇಳಿಸಿಕೊಂಡು ಆವರಗೆರೆಯಲ್ಲಿರುವ ಗುತ್ತಿಗೆದಾರನ ಮನೆಗೆ ಹೋದೆ. ಅವನು ಬಾಗಿಲಲ್ಲೇ ನಿಂತು ಬೆರಳಿಟ್ಟು ಓದಿದ. ಹರಿಹರದ ಒಂದು ಆಸ್ಪತ್ರೆಯಲ್ಲಿ ಸೀಸೆ ತೊಳೆಯುವ ಜಾಗ ಖಾಲಿ ಇದೆ, ಆಕೆಗೆ ಹೇಳಿಕಳಿಸುತ್ತೇನೆ ಅಂದ. ಮತ್ತೆ ಓದುತ್ತ ಕಾಗದದ ಕೊನೆಯ ಸಾಲಿಗೆ, ಆ ಸುಳ್ಳಿನ ಸಾಲಿಗೆ, ಬಂದಾಗ ತಲೆ ಎತ್ತಿದ.

“ಇದನ್ನ ಬರದೋನು ಯಾರ್ರಿ?” ಅಂತ ಕೇಳಿದ.

ನಾನೇ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಬಾಗಿಲು ಹಾಕಿದ.